ನಿಮಗಿದು ಗೊತ್ತೇ? ಶಾಪ್ ಫ್ಲೋರ್‌ನಲ್ಲಿ ಹುಟ್ಟುವ ಪಿಎಚ್.ಡಿ.

ಪಿಎಚ್.ಡಿ. ಎಂದೊಡನೆ ಗ್ರಂಥಾಲಯ, ಪ್ರಯೋಗಾಲಯ, ದಪ್ಪ ರಟ್ಟಿನ ಮಹಾಪ್ರಬಂಧ ಕಣ್ಮುಂದೆ ಬರುತ್ತವೆ. ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ನಲ್ಲಿ ಮಾತ್ರ ಮೊದಲ ಸಾಲು ಬರೆಯುವ ಮುಂಚೆ ಕಾರ್ಖಾನೆಯೊಳಗೆ ಹೋಗಿ ನಿಲ್ಲಬೇಕು. ಯಂತ್ರವನ್ನು ಹೇಗೆ ಮಾಡುವುದು ಎಂಬುದು ಮೆಕ್ಯಾನಿಕಲ್‌ನವರ ಚಿಂತೆ. ಯಂತ್ರ, ಮನುಷ್ಯ, ಸರಕು, ಸಮಯ, ದುಡ್ಡು ಈ ಐದೂ ಒಂದಕ್ಕೊಂದು ಕಾಯದ ಹಾಗೆ ಹೊಂದಿಸುವುದು ಹೇಗೆ ಎಂಬುದು ಇವರ ಚಿಂತೆ. ಈ ವಿದ್ಯೆಯಲ್ಲಿ ಡಾಕ್ಟರೇಟ್ ಹೇಗೆ ಬೆಳೆಯಿತು, ಕಾರ್ಖಾನೆಗೂ ಅದಕ್ಕೂ ಏನು ನಂಟು? ಇಲ್ಲಿವೆ ಒಂದಷ್ಟು ಸಂಗತಿಗಳು.

● ಜಗತ್ತಿನ ಮೊದಲ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗ ತೆರೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನಲ್ಲಿ, 1909ರಲ್ಲಿ. ಅದರ ಮುಖ್ಯಸ್ಥ ಹ್ಯೂಗೋ ಡೀಮರ್. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ.

● ಅಮೆರಿಕದಲ್ಲಿ ಈ ವಿಷಯದ ಮೊದಲ ಪಿಎಚ್.ಡಿ. ಎಂದು ಗುರುತಿಸುವುದು ರಾಲ್ಫ್ ಬಾರ್ನ್ಸ್ ಅವರಿಗೆ ಕಾರ್ನೆಲ್ ವಿಶ್ವವಿದ್ಯಾಲಯ 1933ರಲ್ಲಿ ಕೊಟ್ಟ ಪದವಿಯನ್ನು. ಅವರ ವಿಷಯ ಯಂತ್ರವಲ್ಲ, ಕೆಲಸಗಾರನ ಕೈ. ಒಂದು ಕೆಲಸ ಮಾಡುವಾಗ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ಸುಮ್ಮನೆ ನಿಲ್ಲುತ್ತದೆ ಎಂಬುದರ ಸೂಕ್ಷ್ಮ ಅಧ್ಯಯನ ಅದು. ನಮ್ಮ ಪಾಲಿಟೆಕ್ನಿಕ್‌ಗಳಲ್ಲಿ ‘ವರ್ಕ್ ಸ್ಟಡಿ’ ಎಂದು ಕಲಿಸುವ ಪಾಠದ ಬೇರುಗಳಲ್ಲಿ ಇದೂ ಒಂದು.

● ಬಾರ್ನ್ಸ್‌ಗಿಂತ ಎಷ್ಟೋ ಮುಂಚೆ ಇದೇ ದಾರಿಯಲ್ಲಿ ನಡೆದು, ಬರೆದ ಪ್ರಬಂಧಕ್ಕೆ ಪದವಿ ಸಿಗದೇ ಹೋದ ಮಹಿಳೆಯೊಬ್ಬರಿದ್ದರು. ಹೆಸರು ಲಿಲಿಯನ್ ಗಿಲ್‌ಬ್ರೆತ್. ಅವರ ಪತಿ ಫ್ರಾಂಕ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಗಾರೆ ಕೆಲಸದಿಂದ ಮೇಲೆ ಬಂದವರು. ಇಟ್ಟಿಗೆಯೊಂದನ್ನು ಇಡಲು ಬೇಕಾಗುತ್ತಿದ್ದ 18 ಚಲನೆಗಳನ್ನು ಸುಮಾರು 5ಕ್ಕೆ ಇಳಿಸಿದವರು. ಬಗ್ಗಿ ಇಟ್ಟಿಗೆ ಎತ್ತುವ ಬದಲು ಸೊಂಟದ ಎತ್ತರಕ್ಕೇ ಬರುವ ಅಟ್ಟಣೆ ಕಟ್ಟಿಸಿದ್ದು ಅದರ ಗುಟ್ಟು. ಗಂಡನ ಈ ಕೆಲಸಕ್ಕೆ ಮನಃಶಾಸ್ತ್ರದ ಬೆಳಕು ಕೊಟ್ಟವರು ಲಿಲಿಯನ್. ಕೆಲಸದ ವೇಗವೊಂದನ್ನೇ ಅಳೆದರೆ ಸಾಲದು, ಕೆಲಸಗಾರನ ದಣಿವನ್ನೂ ಅಳೆಯಬೇಕು ಎಂಬುದು ಈ ದಂಪತಿಯ ವಾದ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕಾಗಿ ಆಕೆ ಬರೆದ ಮಹಾಪ್ರಬಂಧಕ್ಕೆ ಪದವಿ ಸಿಗಲಿಲ್ಲ. ಕ್ಯಾಂಪಸ್ಸಿನಲ್ಲಿ ಇಷ್ಟು ಕಾಲ ವಾಸವಿರಬೇಕೆಂಬ ನಿಯಮ ಅಡ್ಡ ಬಂತು. ಅದೇ ಬರಹ 1914ರಲ್ಲಿ ಪುಸ್ತಕವಾಯಿತು. ಬರೆದವರು ಹೆಣ್ಣೆಂದು ತಿಳಿಯದಿರಲೆಂದು ‘ಎಲ್.ಎಂ. ಗಿಲ್‌ಬ್ರೆತ್’ ಎಂದಷ್ಟೇ ಅಚ್ಚಾಯಿತು. ಸೋಲದ ಲಿಲಿಯನ್ ಬೇರೊಂದು ವಿಷಯದ ಮೇಲೆ ಮತ್ತೆ ಬರೆದು 1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಆಕೆ ಹೆತ್ತದ್ದು 12 ಮಕ್ಕಳನ್ನು. 1924ರಲ್ಲಿ ಪತಿ ತೀರಿಕೊಂಡಾಗ, ಒಬ್ಬ ಹೆಂಗಸಿನಿಂದ ಸಲಹೆ ಪಡೆಯಲು ಒಪ್ಪದ ಕಾರ್ಖಾನೆಗಳು ಗುತ್ತಿಗೆ ಮುರಿದುಕೊಂಡವು. ಲಿಲಿಯನ್ ತಮ್ಮ ವಿದ್ಯೆಯನ್ನು ಅಡುಗೆಮನೆಗೆ ತಂದರು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ, ಫ್ರಿಜ್ ಬಾಗಿಲಿನ ಒಳಗಿನ ಪುಟ್ಟ ಅರೆಗಳು ಇವೆಲ್ಲ ಅವರ ಹೆಸರಿನಲ್ಲಿವೆ. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಅವರನ್ನು ಪ್ರೊಫೆಸರ್ ಆಗಿ ಕರೆಯಿತು. ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್‌ಗೆ ಆಯ್ಕೆಯಾದ ಮೊದಲ ಮಹಿಳೆ ಅವರೇ, 1965ರಲ್ಲಿ. ಕಾರ್ಖಾನೆ ಬಾಗಿಲು ಹಾಕಿದರೂ ಸಂಶೋಧನೆ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಕಂಡಿಲ್ಲ.

● ಕಂಪನಿಯೇ ತನ್ನ ನೌಕರನನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಪದ್ಧತಿ ಹೊಸದಲ್ಲ. ಡಬ್ಲಿನ್ನಿನ ಗಿನ್ನೆಸ್ ಮದ್ಯದ ಕಾರ್ಖಾನೆ ತನ್ನ ರಸಾಯನಶಾಸ್ತ್ರಜ್ಞ ವಿಲಿಯಂ ಗೋಸೆಟ್‌ರನ್ನು 1906ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಕಾರ್ಲ್ ಪಿಯರ್ಸನ್ ಬಳಿಗೆ ಕಳಿಸಿತ್ತು. ಗೋಸೆಟ್ ಹೊತ್ತೊಯ್ದ ಪ್ರಶ್ನೆ ಕಾರ್ಖಾನೆಯದೇ: ಕೈಯಲ್ಲಿರುವುದು ನಾಲ್ಕೈದು ಮಾದರಿ ಮಾತ್ರ, ಅಷ್ಟರಿಂದ ಇಡೀ ಸರಕಿನ ಗುಣವನ್ನು ಎಷ್ಟು ನಂಬಿಕೆಯಿಂದ ಹೇಳಬಹುದು? ಉತ್ತರ 1908ರಲ್ಲಿ ಪ್ರಕಟವಾಯಿತು. ನೌಕರರು ತಮ್ಮ ಹೆಸರಿನಲ್ಲಿ ಪ್ರಕಟಿಸುವುದನ್ನು ಕಂಪನಿ ಒಪ್ಪುತ್ತಿರಲಿಲ್ಲವಾದ್ದರಿಂದ ಲೇಖಕನ ಹೆಸರು ‘ಸ್ಟೂಡೆಂಟ್’ ಎಂದಿತ್ತು. ಇಂದು ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಬಳಸುವ ‘ಟಿ ಟೆಸ್ಟ್’ ಅದೇ.

● ಎಷ್ಟು ಸ್ಟಾಕ್ ತರಿಸಬೇಕು? ಕಿರಾಣಿ ಅಂಗಡಿಯಿಂದ ವಿಮಾನ ಕಾರ್ಖಾನೆವರೆಗೆ ಎಲ್ಲರಿಗೂ ಇರುವ ಈ ಪ್ರಶ್ನೆಗೆ ಮೊದಲ ಸೂತ್ರ ಬರೆದ ಫೋರ್ಡ್ ಹ್ಯಾರಿಸ್ ಓದಿದ್ದು ಹೈಸ್ಕೂಲ್‌ವರೆಗೆ ಮಾತ್ರ. ವರ್ಷ 1913. ಅವರ ಸೂತ್ರದ ಪ್ರಕಾರ ಮಾರಾಟ ನಾಲ್ಕು ಪಟ್ಟಾದರೆ, ಒಂದು ಸಲಕ್ಕೆ ತರಿಸುವ ಸರಕು ನಾಲ್ಕು ಪಟ್ಟಾಗಬೇಕಿಲ್ಲ, ಎರಡು ಪಟ್ಟು ಸಾಕು. ಅವರ ಮೂಲ ಲೇಖನ ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ, 1988ರಲ್ಲಿ ಮತ್ತೆ ಪತ್ತೆಯಾಯಿತು. ಅಷ್ಟರೊಳಗೆ ಆ ಸೂತ್ರದ ಮೇಲೆ ಎಷ್ಟೋ ಡಾಕ್ಟರೇಟ್‌ಗಳು ಬಂದುಹೋಗಿದ್ದವು.

● ಜರ್ಮನಿಯ ಪ್ರಷ್ಯಾ ರಾಜ್ಯದ ತಾಂತ್ರಿಕ ಕಾಲೇಜುಗಳಿಗೆ ಡಾಕ್ಟರೇಟ್ ಕೊಡುವ ಹಕ್ಕು ಸಿಕ್ಕಿದ್ದು 1899ರಲ್ಲಿ, ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್‌ನ ಆದೇಶದಿಂದ. ಹಳೆಯ ವಿಶ್ವವಿದ್ಯಾಲಯಗಳಿಗೆ ಇದು ಹಿಡಿಸಿರಲಿಲ್ಲ. ಇಂದು ಆ ದೇಶದಲ್ಲಿ ಎಂಜಿನಿಯರಿಂಗ್ ಡಾಕ್ಟರೇಟ್ ಮಾಡುವವರಲ್ಲಿ ಬಹಳಷ್ಟು ಮಂದಿ ಸಂಬಳ ಪಡೆಯುವ ನೌಕರರು. ಕಂಪನಿಗಳು ಕೊಟ್ಟ ಪ್ರಾಜೆಕ್ಟ್‌ಗಳಲ್ಲಿ ದುಡಿಯುತ್ತಲೇ ಪ್ರಬಂಧ ಬರೆಯುತ್ತಾರೆ. ಅವರ ಗೈಡ್‌ಗಳಲ್ಲೂ ಅನೇಕರು ವರ್ಷಗಟ್ಟಲೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ಪ್ರೊಫೆಸರ್ ಹುದ್ದೆಗೆ ಬಂದವರು.

● ಕಾರ್ಖಾನೆ ಗೋಡೆಯ ಮೇಲೆ ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಚುಕ್ಕಿಗಳಿರುವ ಚಾರ್ಟ್ ನೋಡಿದ್ದೀರಾ? ಅದನ್ನು 1924ರ ಮೇ 16ರಂದು ಒಂದು ಪುಟದ ಟಿಪ್ಪಣಿಯಲ್ಲಿ ತನ್ನ ಮೇಲಧಿಕಾರಿಗೆ ಬರೆದುಕೊಟ್ಟವರು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಾಲ್ಟರ್ ಶೂಹಾರ್ಟ್. ಅವರ ಪಿಎಚ್.ಡಿ. ಭೌತಶಾಸ್ತ್ರದಲ್ಲಿ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಕರೆದಾಗ ಅವರು 1947-48ರಲ್ಲಿ ಭಾರತಕ್ಕೆ ಬಂದರು. ನಮ್ಮ ಕಾರ್ಖಾನೆಗಳಲ್ಲಿ ಅಂಕಿ-ಅಂಶ ಹಿಡಿದು ಗುಣಮಟ್ಟ ಕಾಯುವ ಚಳವಳಿ ಬೇರೂರಿದ್ದು ಆ ಭೇಟಿಯಿಂದ.

● ಈಗ ಕನ್ನಡ ನೆಲಕ್ಕೆ ಸೇರಿದ ಸಂಗತಿ. ಇದನ್ನು ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಹೇಳಬೇಕು ಎಂಬುದು ನನ್ನ ಆಸೆ.

ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ, ತೆಲುಗು ಕುಟುಂಬವೊಂದರಲ್ಲಿ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. 1948ರಲ್ಲಿ ಕೇಂಬ್ರಿಜ್‌ನಲ್ಲಿ ರೊನಾಲ್ಡ್ ಫಿಶರ್ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮುಗಿಸಿದರು. ಅದಕ್ಕೂ ಮುಂಚೆ, 1940ರ ದಶಕದಲ್ಲೇ, ‘ಆರ್ಥೋಗೋನಲ್ ಅರೇ’ ಎಂಬ ಕೋಷ್ಟಕಗಳ ಗಣಿತವನ್ನು ಕಟ್ಟಿದ್ದರು. ಅದರ ಉಪಯೋಗ ಹೀಗೆ: ಒಂದು ವಸ್ತುವಿನ ಗುಣ 7 ಅಂಶಗಳ ಮೇಲೆ ನಿಂತಿದೆ, ಪ್ರತಿಯೊಂದನ್ನೂ ಎರಡು ಮಟ್ಟದಲ್ಲಿ ಬದಲಿಸಿ ನೋಡಬೇಕು ಎನ್ನಿ. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಿದರೆ 128 ಪ್ರಯೋಗಗಳಾಗುತ್ತವೆ. ಕೋಷ್ಟಕ ನೋಡಿ ಆರಿಸಿದರೆ 8 ಪ್ರಯೋಗಗಳಲ್ಲೇ ಪ್ರತಿ ಅಂಶದ ಮುಖ್ಯ ಪ್ರಭಾವ ಎಷ್ಟೆಂದು ಅಂದಾಜಿಸಬಹುದು.

1954-55ರಲ್ಲಿ ಅದೇ ಕಲ್ಕತ್ತೆಯ ಸಂಸ್ಥೆಗೆ ಅತಿಥಿ ಪ್ರಾಧ್ಯಾಪಕರಾಗಿ ಬಂದವರು ಜಪಾನಿನ ಗೆನಿಚಿ ತಗುಚಿ. ಆ ಹೊತ್ತಿಗೆ ಅವರಿಗೆ ಡಾಕ್ಟರೇಟ್ ಇರಲಿಲ್ಲ. ಜಪಾನಿನ ದೂರವಾಣಿ ಸಂಸ್ಥೆಯ ಪ್ರಯೋಗಾಲಯದಲ್ಲಿ ನೌಕರಿಯಲ್ಲಿದ್ದರು. ಇನಾ ಟೈಲ್ ಎಂಬ ಕಾರ್ಖಾನೆ 1953ರಲ್ಲಿ ನಡೆಸಿದ ಪ್ರಯೋಗ ಅಂಥ ಕೋಷ್ಟಕ ಹಿಡಿದು ಪ್ರಯೋಗ ಮಾಡುವ ಅವರ ವಿಧಾನಕ್ಕೆ ಹೆಸರು ತಂದಿತ್ತು. ಅಲ್ಲಿ ಸುಡುವ ಗೂಡಿನಲ್ಲಿ ಶಾಖ ಎಲ್ಲ ಕಡೆ ಒಂದೇ ಸಮ ಇರುತ್ತಿರಲಿಲ್ಲ. ಹೀಗಾಗಿ ಹೊರಸುತ್ತಿನ ಹೆಂಚುಗಳ ಅಳತೆ ಏರುಪೇರಾಗುತ್ತಿತ್ತು. ಗೂಡನ್ನೇ ಕೆಡವಿ ಕಟ್ಟಲು ಅಪಾರ ಖರ್ಚು. ಗೂಡನ್ನು ಮುಟ್ಟದೆ ಮಣ್ಣಿನ ಮಿಶ್ರಣವನ್ನು ಬದಲಿಸಿ ನೋಡಿದರು. ಸುಣ್ಣದ ಕಲ್ಲಿನ ಪಾಲನ್ನು ಶೇ 1ರಿಂದ ಶೇ 5ಕ್ಕೆ ಏರಿಸಿದಾಗ ಏರುಪೇರು ಇಳಿಯಿತು. ಅಗ್ಗದ ಸಾಮಗ್ರಿ, ದೊಡ್ಡ ಫಲ. ಕ್ಯೂಷು ವಿಶ್ವವಿದ್ಯಾಲಯ ತಗುಚಿಗೆ ಡಾಕ್ಟರೇಟ್ ಕೊಟ್ಟಿದ್ದು 1962ರಲ್ಲಿ. ಮುಂದೆ ಜಪಾನಿನ ಕಾರ್ಖಾನೆಗಳಿಂದ ಈ ವಿಧಾನ ‘ತಗುಚಿ ಮೆಥಡ್’ ಎಂಬ ಹೆಸರು ಹೊತ್ತು ಜಗತ್ತೆಲ್ಲ ಸುತ್ತಿ ನಮ್ಮ ಎಂ.ಟೆಕ್. ಪಠ್ಯಕ್ಕೂ ಬಂತು. ಅದರೊಳಗಿನ ಕೋಷ್ಟಕಗಳ ಹಿಂದೆ ಹೂವಿನಹಡಗಲಿಯಲ್ಲಿ ಹುಟ್ಟಿದವರ ಗಣಿತವಿದೆ ಎಂಬುದು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

● 1947ರಲ್ಲಿ ಜಾರ್ಜ್ ಡ್ಯಾಂಟ್ಜಿಗ್, ಹಲವು ಷರತ್ತುಗಳೊಳಗೆ ಅತಿ ಲಾಭದ ಆಯ್ಕೆ ಹುಡುಕುವ ‘ಸಿಂಪ್ಲೆಕ್ಸ್’ ವಿಧಾನ ಕಂಡುಹಿಡಿದಾಗ ಅವರು ಕೆಲಸ ಮಾಡುತ್ತಿದ್ದುದು ಅಮೆರಿಕದ ವಾಯುಪಡೆಗೆ. ಪಿಎಚ್.ಡಿ. ಮುಗಿಸಿ ವರ್ಷವಷ್ಟೇ ಆಗಿತ್ತು. ಕಡಿಮೆ ಖರ್ಚಿನಲ್ಲಿ ಸಾಕಷ್ಟು ಪೌಷ್ಟಿಕ ಊಟ ಯಾವುದು ಎಂಬ ಲೆಕ್ಕದ ಮೇಲೆ ಅದನ್ನು ಪರೀಕ್ಷಿಸಿದರು. 77 ಆಹಾರ ಪದಾರ್ಥ, 9 ಷರತ್ತು. ಕೈಯಂತ್ರಗಳಲ್ಲಿ ಗುಣಾಕಾರ ಭಾಗಾಕಾರ ಮಾಡುತ್ತ ಗುಮಾಸ್ತರು ಒಟ್ಟು 120 ಆಳುದಿನ ದುಡಿದರು. ಇಂದಿನ ಲ್ಯಾಪ್‌ಟಾಪ್‌ಗೆ ಒಂದು ಕ್ಷಣ ಸಾಕು.

● ಅದೇ ಜಾತಿಯ ಲೆಕ್ಕಗಳಿಗೆ 1984ರಲ್ಲಿ ಹೊಸ ದಾರಿ ತೋರಿದವರು ಗ್ವಾಲಿಯರ್‌ನಲ್ಲಿ ಹುಟ್ಟಿದ ನರೇಂದ್ರ ಕರ್ಮರ್ಕರ್. ಮುಂಬೈ ಐಐಟಿಯಲ್ಲಿ ಬಿ.ಟೆಕ್., ಬರ್ಕ್ಲಿಯಲ್ಲಿ ಪಿಎಚ್.ಡಿ., ಆಮೇಲೆ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ. ಅವರ ವಿಧಾನದ ಮೇಲೆ ಕಂಪನಿ ಪೇಟೆಂಟ್ ಪಡೆಯಿತು. ಗಣಿತದ ವಿಧಾನಕ್ಕೆ ಪೇಟೆಂಟ್ ಸಲ್ಲುತ್ತದೆಯೇ ಎಂದು ಆಗ ದೊಡ್ಡ ವಾದವೇ ನಡೆಯಿತು.

● ಜಾನ್ ಲಿಟಲ್ ಎಂಬ ಯುವಕ 1955ರಲ್ಲಿ ಎಂಐಟಿಗೆ ಒಪ್ಪಿಸಿದ ಪ್ರಬಂಧದ ವಿಷಯ: ಜಲವಿದ್ಯುತ್ ಅಣೆಕಟ್ಟೆಯ ನೀರನ್ನು ಈಗ ಬಿಡಬೇಕೋ, ಮುಂದಕ್ಕೆ ಉಳಿಸಬೇಕೋ? ಶರಾವತಿ ಕಣಿವೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಅದೇ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇಂದು ಎಲ್ಲ ಕಾರ್ಖಾನೆಗೂ ಬೇಕು. ಒಳಗೆ ಇರುವುದರ ಸಂಖ್ಯೆ ಎಂದರೆ, ಬರುವ ವೇಗವನ್ನು ತಂಗುವ ಸಮಯದಿಂದ ಗುಣಿಸಿದಷ್ಟು. ಒಂದು ಗೇರ್ ಕಾರ್ಖಾನೆಯಲ್ಲಿ ಅರ್ಧ ಕೆಲಸವಾಗಿ ಕೂತಿರುವ ಗೇರ್‌ಗಳು 500, ದಿನಕ್ಕೆ ಹೊರಹೋಗುವುದು 50 ಎಂದಾದರೆ, ಇಂದು ಒಳಬಂದ ಗೇರ್ ಹೊರಹೋಗಲು 10 ದಿನ ಬೇಕು. ಒಳಗೆ ಕೂತ ಮಾಲನ್ನು 250ಕ್ಕೆ ಇಳಿಸಿ, ಹೊರಹೋಗುವ ಸಂಖ್ಯೆಯನ್ನು ಹಾಗೇ ಕಾಪಾಡಿಕೊಂಡರೆ 5 ದಿನ. ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಬ್ಯಾಂಕ್ ಸಾಲ ಎತ್ತಿ ಯಂತ್ರ ತರುವ ಮುಂಚೆ ಸಣ್ಣ ಉದ್ಯಮಿಗಳು ಈ ಒಂದು ಲೆಕ್ಕವನ್ನು ಮಾಡಿ ನೋಡಲೇಬೇಕು.

● 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲ್ವಿನ್ ರಾತ್ ಅವರ ಪಿಎಚ್.ಡಿ. ಅರ್ಥಶಾಸ್ತ್ರದಲ್ಲಲ್ಲ, ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ನ ಸೋದರ ವಿದ್ಯೆಯಾದ ಆಪರೇಷನ್ಸ್ ರಿಸರ್ಚ್‌ನಲ್ಲಿ. ಮೂತ್ರಪಿಂಡ ಕೊಡಲು ಮನೆಯವರು ಸಿದ್ಧರಿದ್ದರೂ ಹೊಂದಾಣಿಕೆಯಾಗದ ರೋಗಿಗಳಿದ್ದಾರಲ್ಲ, ಅಂಥ ಜೋಡಿಗಳನ್ನು ಪರಸ್ಪರ ಕೂಡಿಸುವ ವ್ಯವಸ್ಥೆಯನ್ನು ಅವರು ಗೆಳೆಯರೊಡನೆ ರೂಪಿಸಿದರು. ಸೇನೆಯ ಕೆಲಸಗಳಿಗೆಂದು ಹುಟ್ಟಿದ ವಿದ್ಯೆ ಜೀವ ಉಳಿಸುವ ಕಡೆಗೂ ಹರಿಯಿತು.

● 10 ಮನೆಗಳಿಗೆ ಪಾರ್ಸೆಲ್ ತಲುಪಿಸಬೇಕಾದರೆ ಎಷ್ಟು ಬಗೆಯ ಸರದಿಗಳಿವೆ? 36,28,800. ಮನೆಗಳು 120 ಆದರೆ ಆ ಸಂಖ್ಯೆಯನ್ನು ಬರೆಯಲು 199 ಅಂಕಿಗಳು ಬೇಕು. ಅಮೆರಿಕದ ಯುಪಿಎಸ್ ಕಂಪನಿ ಇದಕ್ಕಾಗಿ ‘ಒರಾಯನ್’ ಎಂಬ ವ್ಯವಸ್ಥೆ ಕಟ್ಟಿತು. ವರ್ಷಕ್ಕೆ 10 ಕೋಟಿ ಮೈಲಿ ಓಡಾಟ ಉಳಿಯುತ್ತದೆಂದು ಕಂಪನಿ ಲೆಕ್ಕ ಕೊಟ್ಟಿದೆ. 2016ರ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಅದಕ್ಕೇ ಬಂತು. ಈ ಪ್ರಶಸ್ತಿಗೆ ಬರಿಯ ಸಿದ್ಧಾಂತ ಸಾಲದು. ಜಾರಿಗೆ ಬಂದು ಫಲ ಕೊಟ್ಟದ್ದನ್ನು ತೋರಿಸಬೇಕು. ನಮ್ಮ ಮಹಾಪ್ರಬಂಧಗಳಿಗೂ ಇಂಥದೊಂದು ಒರೆಗಲ್ಲು ಇರಬೇಕು.

● ಟೊಯೋಟಾದ ಉತ್ಪಾದನಾ ಪದ್ಧತಿಗೆ ‘ಲೀನ್’ ಎಂಬ ಹೆಸರನ್ನು ಕೊಟ್ಟ ಜಾನ್ ಕ್ರಾಫ್ಸಿಕ್, ಎಂಐಟಿಯ ವಿದ್ಯಾರ್ಥಿಯಾಗುವ ಮುಂಚೆ ಟೊಯೋಟಾ ಮತ್ತು ಜಿ.ಎಂ. ಕೂಡಿ ನಡೆಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಆ ಪದ್ಧತಿಯ ಶಿಲ್ಪಿ ತೈಚಿ ಓನೋಗೆ ಡಾಕ್ಟರೇಟ್ ಇರಲಿಲ್ಲ. ಅವರ ವಿದ್ಯಾಭ್ಯಾಸ ನಗೋಯಾದ ತಾಂತ್ರಿಕ ಶಾಲೆಯಲ್ಲಿ.

● ಫ್ರಾನ್ಸ್‌ನಲ್ಲಿ ಕಂಪನಿಯೇ ಸಂಶೋಧನಾರ್ಥಿಯನ್ನು ಮೂರು ವರ್ಷ ನೌಕರಿಗೆ ಇಟ್ಟುಕೊಳ್ಳುತ್ತದೆ, ಸರ್ಕಾರ ಕಂಪನಿಗೆ ಸಹಾಯಧನ ಕೊಡುತ್ತದೆ, ವಿಶ್ವವಿದ್ಯಾಲಯದ ಪ್ರಯೋಗಾಲಯ ಮಾರ್ಗದರ್ಶನ ಮಾಡುತ್ತದೆ. ‘ಸಿಫ್ರ್’ ಎಂಬ ಈ ಯೋಜನೆ 1981ರಿಂದ ನಡೆದಿದೆ. ಡೆನ್ಮಾರ್ಕ್‌ನಲ್ಲಿ ಇಂಥದು ಇನ್ನೂ ಹಳೆಯದು. ಬ್ರಿಟನ್ 1992ರಲ್ಲಿ ‘ಎಂಜಿನಿಯರಿಂಗ್ ಡಾಕ್ಟರೇಟ್’ ಆರಂಭಿಸಿತು. ನಾಲ್ಕು ವರ್ಷದ ಕೋರ್ಸು, ಸುಮಾರು ಮುಕ್ಕಾಲು ಪಾಲು ಸಮಯ ಕಂಪನಿಯಲ್ಲೇ. ಅಲ್ಲಿ ಅವರನ್ನು ವಿದ್ಯಾರ್ಥಿ ಎನ್ನುವುದಿಲ್ಲ, ‘ರಿಸರ್ಚ್ ಎಂಜಿನಿಯರ್’ ಎನ್ನುತ್ತಾರೆ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಕೈಗಾರಿಕಾ ಡಾಕ್ಟರೇಟ್‌ನಲ್ಲಿ ಕನಿಷ್ಠ ಅರ್ಧ ಕಾಲವನ್ನು ವಿಶ್ವವಿದ್ಯಾಲಯದ ಹೊರಗೆ ಕಳೆಯಬೇಕು.

● ಭಾರತದಲ್ಲಿ? ಮುಂಬೈಯ ಪೊವಾಯಿಯಲ್ಲಿ 1963ರಲ್ಲಿ ಕೇಂದ್ರ ಸರ್ಕಾರ ಈ ವಿದ್ಯೆಗೆಂದೇ ‘ನಿಟೀ’ ಎಂಬ ಸಂಸ್ಥೆಯನ್ನು ತೆರೆಯಿತು. 2023ರಲ್ಲಿ ಅದು ಐಐಎಂ ಮುಂಬೈ ಆಯಿತು. ಖರಗ್‌ಪುರ ಐಐಟಿಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಚೆನ್ನೈ ಐಐಟಿಯ ಪಕ್ಕದಲ್ಲೇ ಕಂಪನಿಗಳ ಸಂಶೋಧನಾ ಘಟಕಗಳಿಗೆ ಜಾಗ ಕೊಡುವ ರಿಸರ್ಚ್ ಪಾರ್ಕ್ ಎದ್ದಿದೆ.

● ನೌಕರಿ ಬಿಡದೆ ಪಿಎಚ್.ಡಿ. ಮಾಡಬಹುದೇ? ಮಾಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ‘ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್’ ಪದ್ಧತಿಯಲ್ಲಿ ಕಂಪನಿಗಳ ಮತ್ತು ಸಂಶೋಧನಾ ಸಂಸ್ಥೆಗಳ ನೌಕರರು ತಮ್ಮ ಕೆಲಸದ ಜಾಗದಲ್ಲೇ ಸಂಶೋಧನೆ ನಡೆಸಬಹುದು. ಯುಜಿಸಿಯ 2022ರ ನಿಯಮಗಳಲ್ಲೂ ಪಾರ್ಟ್ ಟೈಮ್ ಪಿಎಚ್.ಡಿ.ಗೆ ಅವಕಾಶವಿದೆ. ಅದಕ್ಕೆ ಉದ್ಯೋಗದಾತರಿಂದ ಎನ್‌ಒಸಿ ತರಬೇಕು. ಕನಿಷ್ಠ ಅವಧಿ ಮೂರು ವರ್ಷ, ಕೋರ್ಸ್ ವರ್ಕ್ ಕಡ್ಡಾಯ. ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಕ್ಷೇತ್ರದ ಸಂಶೋಧನಾರ್ಥಿಗಳಿಗಾಗಿ ಕೇಂದ್ರ ಸರ್ಕಾರ 2014ರಲ್ಲಿ ತಂದ ಫೆಲೋಶಿಪ್ ಯೋಜನೆಗೆ ಇಟ್ಟ ಹೆಸರು ವಿಶ್ವೇಶ್ವರಯ್ಯನವರದು. ಅದರಲ್ಲೂ ಪೂರ್ಣಕಾಲಿಕರ ಜೊತೆ ನೌಕರಿಯಲ್ಲಿರುವವರಿಗೆ ಜಾಗವಿತ್ತು. ಪ್ರಧಾನಮಂತ್ರಿ ಡಾಕ್ಟರಲ್ ಫೆಲೋಶಿಪ್‌ನಲ್ಲಿ ಫೆಲೋಶಿಪ್ ಮೊತ್ತದ ಅರ್ಧ ಸರ್ಕಾರದ್ದು, ಇನ್ನರ್ಧ ಕಂಪನಿಯದ್ದು. ಕಂಪನಿ ತನ್ನ ಜೇಬಿನಿಂದ ಹಾಕಿದಾಗಷ್ಟೇ ಅದು ಸಂಶೋಧನಾರ್ಥಿಯ ಪ್ರಶ್ನೆಯನ್ನು ತನ್ನದೆಂದು ಭಾವಿಸುತ್ತದೆ. ಹಾಗಾಗಿ ಈ ಅರ್ಧಾರ್ಧದ ಲೆಕ್ಕ ನನಗೆ ಬಹಳ ಸರಿಯೆನಿಸುತ್ತದೆ.

● ಹಾಗಾದರೆ ತೊಡಕು ಎಲ್ಲಿ? ಮ್ಯಾನೇಜರ್‌ಗೆ ಮುಂದಿನ ತಿಂಗಳು ಉತ್ತರ ಬೇಕು, ಪಿಎಚ್.ಡಿ. ಮುಗಿಯಲು ನಾಲ್ಕೈದು ವರ್ಷ ಬೇಕು. ‘ಇದರಿಂದ ಎಷ್ಟು ಉಳಿಯಿತು?’ ಎಂದು ಕಾರ್ಖಾನೆ ಕೇಳುತ್ತದೆ, ‘ಇದರಲ್ಲಿ ಹೊಸದೇನು?’ ಎಂದು ವೈವಾದಲ್ಲಿ ಪರೀಕ್ಷಕರು ಕೇಳುತ್ತಾರೆ. ಎರಡಕ್ಕೂ ಉತ್ತರ ಕೊಡುವ ಪ್ರಬಂಧ ಬರೆಯುವುದು ಕಷ್ಟ. ಜೊತೆಗೆ ಗುಟ್ಟಿನ ಪ್ರಶ್ನೆ. ಪೇಟೆಂಟ್ ಅರ್ಜಿ ಹಾಕುವ ಮುಂಚೆ ಲೇಖನ ಪ್ರಕಟಿಸಿದರೆ ಹೊಸತನದ ಹಕ್ಕು ಕೈತಪ್ಪಬಹುದು. ಅದಕ್ಕಾಗಿ ಮೊದಲ ದಿನವೇ ಒಪ್ಪಂದ ಬರೆದುಕೊಳ್ಳಬೇಕು: ಯಾವ ಅಂಕಿ-ಅಂಶ ಹೊರಗೆ ಹೋಗಬಹುದು, ಕಂಪನಿಯ ಹೆಸರು ಬರಬೇಕೇ ಬೇಡವೇ, ಲೇಖನವನ್ನು ಕಂಪನಿ ಎಷ್ಟು ದಿನದೊಳಗೆ ಓದಿ ಒಪ್ಪಿಗೆ ಕೊಡಬೇಕು. ಇದನ್ನು ಬರೆದುಕೊಳ್ಳದೆ ಶುರುಮಾಡಿದ ಸಂಶೋಧನೆ ಮೂರನೇ ವರ್ಷದಲ್ಲಿ ಮುಗ್ಗರಿಸುತ್ತದೆ. ಒಪ್ಪಿಗೆ ಕೊಟ್ಟಿದ್ದ ಅಧಿಕಾರಿ ವರ್ಗವಾಗಿ ಹೋದರಂತೂ ಮುಗಿದೇ ಹೋಯಿತು.

● ಇಷ್ಟಾದರೂ ನಮ್ಮ ಅನೇಕ ಪ್ರಬಂಧಗಳು ಪುಸ್ತಕದಲ್ಲಿರುವ ಉದಾಹರಣೆಯ ಅಂಕಿಗಳ ಮೇಲೆಯೇ ಮುಗಿದುಬಿಡುತ್ತವೆ. ಒಂದು ವೇಳಾಪಟ್ಟಿ ಸೂತ್ರವನ್ನು ಕಂಪ್ಯೂಟರ್‌ನಲ್ಲಿ ಶೇಕಡಾ ಒಂದೆರಡರಷ್ಟು ಸುಧಾರಿಸಿದರೆ ಪದವಿ ಸಿಗುತ್ತದೆ. ಅದೇ ಸೂತ್ರವನ್ನು ಒಂದು ಪಾಳಿಯಲ್ಲಿ ಜಾರಿಗೆ ತಂದು, ಆಪರೇಟರ್ ರಜೆ ಹಾಕಿದ ದಿನ, ಕರೆಂಟ್ ಹೋದ ದಿನ, ಕಚ್ಚಾ ಮಾಲು ತಡವಾದ ದಿನ ಏನಾಯಿತೆಂದು ಬರೆದವರು ಕಡಿಮೆ. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಬೆಳಗಾವಿಯಲ್ಲಿ ಫೌಂಡ್ರಿಗಳು, ಹುಬ್ಬಳ್ಳಿಯಲ್ಲಿ ವಾಲ್ವ್ ತಯಾರಕರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿವೆ. ಇವರಿಗೆ ಸಂಶೋಧಕರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ. ಆದರೆ ತಗುಚಿಗೆ ಸಿಕ್ಕಿದ ಹೆಂಚಿನ ಗೂಡಿನಂಥ ಪ್ರಶ್ನೆಗಳು ಬೇಕಾದಷ್ಟಿವೆ. ಎರಕದಲ್ಲಿ ಗುಳ್ಳೆ ಬರುವುದು ಯಾವ ಕಾರಣಕ್ಕೆ, ಬಟ್ಟೆ ಕತ್ತರಿಸುವಾಗ ಚೂರು ಎಷ್ಟು ಕಡಿಮೆ ಮಾಡಬಹುದು, ಹೊಲಿಗೆ ಸಾಲಿನಲ್ಲಿ ಯಾರ ಮುಂದೆ ರಾಶಿ ಬೀಳುತ್ತಿದೆ ಇವೆಲ್ಲ ಒಳ್ಳೆಯ ಪಿಎಚ್.ಡಿ. ವಿಷಯಗಳು.

ಕಾರ್ಖಾನೆ ನಡೆಸುತ್ತಿದ್ದೀರಾ? ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ನಿಮ್ಮನ್ನು ವರ್ಷಗಳಿಂದ ಕಾಡುತ್ತಿರುವ ಒಂದೇ ಒಂದು ತೊಂದರೆಯನ್ನು, ಕಳೆದ ಆರು ತಿಂಗಳ ಅಂಕಿ-ಅಂಶ ಜೋಡಿಸಿ ಕಳಿಸಿ. ಕಾರ್ಖಾನೆಯಲ್ಲಿ ದುಡಿಯುತ್ತಿರುವ ಎಂಜಿನಿಯರ್ ನೀವಾಗಿದ್ದರೆ ಎನ್‌ಒಸಿ ಕೇಳಲು ಹಿಂಜರಿಯಬೇಡಿ. ಗೈಡ್ ಆಗಿರುವ ಪ್ರಾಧ್ಯಾಪಕರಲ್ಲಿ ಒಂದು ವಿನಂತಿ: ಈ ವರ್ಷ ಸೇರುವ ಸಂಶೋಧನಾರ್ಥಿಯನ್ನು ವಿಷಯ ಆರಿಸುವ ಮುನ್ನ ಒಂದು ಪೂರ್ತಿ ಪಾಳಿ ಶಾಪ್ ಫ್ಲೋರ್‌ನಲ್ಲಿ ನಿಲ್ಲಿಸಿ.